ಹಿಂದೆ ನಿಂತು ಎತ್ತಿಕಟ್ಟಿದ ನರಿ

ಒಂದು ಕಾಡಿನಲ್ಲಿ ಚೆನ್ನಿಗ ಎಂಬ ನರಿ ಇತ್ತು. ಬೇಟೆಯಾಡಲು ಅದಕ್ಕೆ ಮೈಗಳ್ಳತನ, ಮಾತಿಗೆ ಮಾತ್ರ ಎಲ್ಲಿಲ್ಲದ ಹುರುಪು. ಅದೇ ಕಾಡಿನಲ್ಲಿ ಬೈರ ಎಂಬ ಕಾಡುಕೋಣವೂ ಕೆಂಚ ಎಂಬ ಕಾಡುಹಂದಿಯೂ ಇದ್ದವು. ಎರಡಕ್ಕೂ ಮೈತುಂಬ ಬಲ, ಮೂಗಿನ ತುದಿಯಲ್ಲಿ ಕೋಪ. ಇವುಗಳ ಜಗಳ ಬಿಡಿಸುವ ಕೆಲಸ ಮಾತ್ರ ಯಾವಾಗಲೂ ಮುದಿ ಹೆಣ್ಣಾನೆ ದೊಡ್ಡವ್ವನ ತಲೆಗೇ ಬೀಳುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಹಳ್ಳ ಬತ್ತಿತು. ಪ್ರಾಣಿಗಳೆಲ್ಲ ಕೈಚೆಲ್ಲಿ ಕುಳಿತವು. ದೊಡ್ಡವ್ವ ಒಬ್ಬೊಬ್ಬರ ಬಳಿಗೂ ಹೋಗಿ, ಮರಳಿನಡಿ ನೀರಿದೆ, ಅಗೆಯೋಣ ಏಳಿ ಎಂದು ಹುರಿದುಂಬಿಸಿತು. ಹಾಗೆ ಹೇಳಿ ಸುಮ್ಮನೆ ನಿಲ್ಲದೆ, ಬಿಸಿ ಮರಳಿಗೆ ತಾನೇ ಮೊದಲು ಕಾಲಿಟ್ಟು ಕೆದಕಿತು. ಅದನ್ನು ನೋಡಿ ಬೈರ ಗೊರಸಿನಿಂದ ಕೆರೆಯಿತು. ಕೆಂಚ ಮೂತಿಯಿಂದ ಉತ್ತಿತು. ಸಂಜೆಯ ಹೊತ್ತಿಗೆ ಒರತೆ ಕಾಣಿಸಿತು. ಎಲ್ಲರೂ ಸರದಿಯಂತೆ ಕುಡಿಯಬೇಕೆಂದು ಮಾತಾಯಿತು.

ಈ ಒಗ್ಗಟ್ಟು ಚೆನ್ನಿಗನಿಗೆ ಹಿಡಿಸಲಿಲ್ಲ. ಗುಂಡಿಯ ಪಕ್ಕದ ಹುಲ್ಲಿನಲ್ಲಿ ಗೌಜಲಕ್ಕಿಯೊಂದು ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು. ನರಿಗೆ ಆ ಮೊಟ್ಟೆಗಳ ಮೇಲೆ ಕಣ್ಣು. ಆದರೆ ಅಷ್ಟು ಪ್ರಾಣಿಗಳು ಓಡಾಡುವಾಗ ಗೂಡಿಗೆ ಬಾಯಿ ಹಾಕುವುದು ಹೇಗೆ? ಜಗಳವೆದ್ದು ಎಲ್ಲರೂ ಚೆದುರಿದರೆ ಮಾತ್ರ ಅದರ ಬೇಳೆ ಬೇಯುತ್ತಿತ್ತು.

ನರಿ ಬೈರನ ಕಿವಿಯಲ್ಲಿ, ನಿನ್ನ ಕೊಂಬು ಮೈ ತುರಿಸಿಕೊಳ್ಳಲು ಮಾತ್ರ ಲಾಯಕ್ಕೆಂದು ಕೆಂಚ ಆಡಿಕೊಳ್ಳುತ್ತಿದ್ದಾನೆ ಎಂದು ಊದಿತು. ಕೆಂಚನ ಬಳಿ ಹೋಗಿ, ಹಂದಿಗೆ ಕೆಸರೇ ಸಾಕೆಂದು ಬೈರ ಬೇಕಂತಲೇ ನೀರು ಕದಡುತ್ತಿದ್ದಾನೆ, ಇದನ್ನೂ ಸಹಿಸಿಕೊಂಡರೆ ನೀನೆಂಥ ಗಂಡು ಎಂದು ಕೆಣಕಿತು. ಅಷ್ಟು ಸಾಕಾಯಿತು. ಎರಡೂ ಬಿದ್ದು ಹೊಡೆದಾಡಿದವು. ದೊಡ್ಡವ್ವ ನಡುವೆ ನುಗ್ಗಿ ಬಿಡಿಸಿತು.

ಮರುದಿನ ಮತ್ತೆ ಅದೇ ರಾಮಾಯಣ. ಬುದ್ಧಿ ಹೇಳಿದರೆ ಎರಡೂ ತಲೆಯಾಡಿಸುತ್ತಿದ್ದವು. ಆನೆ ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಗುಟುರು ಹಾಕುತ್ತಿದ್ದವು. ನೆಮ್ಮದಿಯಾಗಿ ಒಂದು ಸೊಂಡಿಲು ನೀರು ಕುಡಿಯಲೂ ಬಿಡುವಿಲ್ಲದೆ ದೊಡ್ಡವ್ವನಿಗೆ ಸಾಕುಸಾಕಾಯಿತು.

ಒಂದು ದಿನ ಹೊಡೆದಾಟ ಹುಲ್ಲಿನವರೆಗೂ ಹಬ್ಬಿತು. ಗೌಜಲಕ್ಕಿ ಹೆದರಿ ಹಾರಿತು. ಅರ್ಧ ಮೊಟ್ಟೆಗಳು ಕಾಲ್ತುಳಿತಕ್ಕೆ ಒಡೆದವು. ಉಳಿದವನ್ನು ಪೊದೆಯಿಂದ ಹೊರಬಂದ ಚೆನ್ನಿಗ ನೆಕ್ಕಿ ಮುಗಿಸಿತು. ಮರದ ಮೇಲಿಂದ ಎಲ್ಲವನ್ನೂ ಕಂಡ ಹಕ್ಕಿ, ನರಿ ದಿನವೂ ಇಬ್ಬರ ಕಿವಿಯೂದುತ್ತಿದ್ದುದನ್ನೂ ಸೇರಿಸಿ, ಅಳುತ್ತಾ ಹೋಗಿ ದೊಡ್ಡವ್ವನಿಗೆ ತಿಳಿಸಿತು.

ಆನೆ ನರಿ, ಕೋಣ, ಹಂದಿ ಮೂವರನ್ನೂ ಕರೆಸಿ, ಇವರನ್ನು ಎತ್ತಿಕಟ್ಟಿದ್ದೇಕೆ ಎಂದು ನರಿಯನ್ನು ಕೇಳಿತು. ಚೆನ್ನಿಗ ಸ್ವಲ್ಪವೂ ಅಳುಕಲಿಲ್ಲ.

"ನೀನು ಹುರಿದುಂಬಿಸಿದರೆ ಪುಣ್ಯ, ನಾನು ಹುರಿದುಂಬಿಸಿದರೆ ಪಾಪವೇ ದೊಡ್ಡವ್ವ? ಇಬ್ಬರೂ ಮಾಡಿದ್ದು ಒಂದೇ ಕೆಲಸ ತಾನೇ?" ಎಂದು ಕೇಳಿತು.

ದೊಡ್ಡವ್ವ ಬೇಸತ್ತು ಉಸಿರುಬಿಟ್ಟಿತು. "ಅಗೆಯಿರಿ ಎಂದಾಗ ಮೊದಲು ಮರಳಿಗಿಳಿದವಳು ನಾನು. ಹೊಡೆದಾಡಿ ಎಂದಾಗ ನೀನು ಎಲ್ಲಿದ್ದೆ?"

ಪೊದೆಯ ಹಿಂದೆ ಎಂದು ಗೌಜಲಕ್ಕಿ ಹೇಳಿತು.

"ಹಾಗಾದರೆ ಇವತ್ತು ನಡುವೆ ನಿಲ್ಲು. ಇವರ ಕಿವಿಯಲ್ಲಿ ಊದಿದ್ದನ್ನು ಇಬ್ಬರಿಗೂ ಕೇಳುವಂತೆ ಹೇಳು" ಎಂದಿತು ದೊಡ್ಡವ್ವ.

ಒಂದು ಕಡೆ ಬೈರನ ಕೊಂಬು, ಇನ್ನೊಂದು ಕಡೆ ಕೆಂಚನ ಕೋರೆ. ಬೈರ ಏನೂ ಅಂದಿಲ್ಲ, ಕೆಂಚನೂ ಏನೂ ಅಂದಿಲ್ಲ, ಎಲ್ಲವೂ ತಾನೇ ಕಟ್ಟಿದ್ದು ಎಂದು ನರಿ ತೊದಲಿತು. ಮುಂದಿನ ಕ್ಷಣವೇ ಎರಡೂ ಅದರ ಮೇಲೆ ಬಿದ್ದವು. ಬಾಲದ ಬುಡದಲ್ಲಿ ಕೋರೆಯ ಗಾಯ ಹೊತ್ತು, ಕುಂಟುತ್ತಾ ಓಡಿದ ಚೆನ್ನಿಗ ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ.

ನರಿಯನ್ನು ಅಟ್ಟಿ ಬಂದ ಬೈರ, ಕೆಂಚ ಎದೆಯುಬ್ಬಿಸಿ ನಿಂತವು. ತಪ್ಪೆಲ್ಲ ಆ ನರಿಯದೇ ಎಂದವು.

ದೊಡ್ಡವ್ವನಿಗೆ ಇದ್ದ ತಾಳ್ಮೆಯೂ ಮುಗಿದಿತ್ತು. "ಮಾತು ನರಿಯದು, ಸರಿ. ಮೊಟ್ಟೆ ತುಳಿದ ಕಾಲು ಯಾರವು?" ಎಂದು ಕೇಳಿತು.

ಎರಡೂ ತಲೆ ತಗ್ಗಿಸಿದವು. ಆ ದಿನ ಎಲ್ಲರಿಗಿಂತ ಮೊದಲು ಗೌಜಲಕ್ಕಿ ನೀರಿಗಿಳಿಯಿತು. ಅದು ಕುಡಿದು ಮುಗಿಸುವವರೆಗೂ ಕೋಣ ಮತ್ತು ಹಂದಿ ಬಿಸಿಲಿನಲ್ಲಿ ಕಾದು ನಿಂತವು.

ನೀತಿ: ಹುರಿದುಂಬಿಸುವವರು ಜೊತೆಗೆ ಮುಂದೆ ನಡೆಯುತ್ತಾರೆ, ಎತ್ತಿಕಟ್ಟುವವರು ಹಿಂದೆ ಅಡಗುತ್ತಾರೆ. ಯಾರ ಮಾತಿಗೆ ಎದ್ದರೂ, ಇಟ್ಟ ಹೆಜ್ಜೆಗೆ ನಾವೇ ಹೊಣೆ.