ನೀಲಿಯಾಗದ ದೀಪ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ದೀಪಗಳನ್ನೂ ಒಂದೇ ಬಣ್ಣಕ್ಕೆ ತಿರುಗಿಸುವ ಹೊಸ ಗುಂಡಿಯೊಂದು ಬಂದು ಕೂತಿತು. ಯಜಮಾನನಿಗೆ ನೀಲಿ ಇಷ್ಟ. ಗುಂಡಿ ಹೇಳಿದ್ದೇ ತಡ, ವೇಗದ ಮುಳ್ಳು ನೀಲಿಯಾಯಿತು, ಪೆಟ್ರೋಲ್ ಮುಳ್ಳು ನೀಲಿಯಾಯಿತು, ಗಡಿಯಾರವಂತೂ ಹೇಳುವ ಮೊದಲೇ ನೀಲಿಯಾಗಿತ್ತು. ಇಂಜಿನ್ ಅತಿಯಾಗಿ ಕಾದರೆ ಉರಿಯುವ ಕೆಂಪು ದೀಪ ಮಾತ್ರ ಒಪ್ಪಲಿಲ್ಲ.

“ನೀಲಿಯಾಗಿಯೂ ಉರಿಯಬಹುದಲ್ಲ ಮಾರಾಯ, ಕೆಲಸ ಅದೇ ತಾನೆ?” ಎಂದಿತು ಗುಂಡಿ.

“ನಾನು ನೀಲಿಯಾದರೆ ಆತ ನನ್ನನ್ನು ನೋಡಿ ಖುಷಿಪಡುತ್ತಾನೆ. ಖುಷಿಪಟ್ಟವನು ಗಾಡಿ ನಿಲ್ಲಿಸುವುದಿಲ್ಲ,” ಎಂದಿತು ದೀಪ.

“ಹಟ ಮಾಡಿದರೆ ನಿನ್ನನ್ನು ಕೀಳಿಸಿ ಎಸೆಯುತ್ತಾನೆ.”

“ಎಸೆಯಲಿ. ಇರುವಷ್ಟು ದಿನ ಕೆಂಪೇ.”

“ನಿನ್ನೊಬ್ಬನಿಂದ ನಮ್ಮೆಲ್ಲರ ಅಂದ ಕೆಟ್ಟಿತು,” ಎಂದು ಗಡಿಯಾರ ಗೊಣಗಿತು.

ಮರುದಿನ ಘಾಟಿ ಹತ್ತುವಾಗ ರೇಡಿಯೇಟರಿನ ನೀರು ಸೋರಿ ಇಂಜಿನ್ ಕುದಿಯತೊಡಗಿತು. ಅಷ್ಟೂ ನೀಲಿಯ ನಡುವೆ ದೀಪ ಕೆಂಪಗೆ ಹೊತ್ತಿಕೊಂಡಿತು. ಯಜಮಾನ ಮುಖ ಗಂಟಿಕ್ಕಿಕೊಂಡು ಗಾಡಿಯನ್ನು ಬದಿಗೆ ನಿಲ್ಲಿಸಿದ. ಬಾನೆಟ್ ಎತ್ತಿದರೆ ಹಬೆ ಮುಖಕ್ಕೆ ರಾಚಿತು, ಆದರೆ ಇಂಜಿನ್ ಕೆಡದೆ ಉಳಿದಿತ್ತು. ಅವನು ಮೆಕ್ಯಾನಿಕ್‌ಗೆ ಫೋನ್ ಮಾಡಿ, ನೀರು ಸೋರಿದ್ದನ್ನು ಹೇಳಿ ಮುಗಿಸಿ, “ಹಾಗೇ ಆ ಕೆಂಪು ದೀಪಾನೂ ತೆಗೆದುಬಿಡಿ, ಅಸಹ್ಯವಾಗಿ ಕಾಣುತ್ತೆ” ಎಂದ.

“ಕೇಳಿಸಿತೇ?” ಎಂದಿತು ಗುಂಡಿ.

“ಕೇಳಿಸಿತು. ಅಸಹ್ಯವಾಗಿ ಕಂಡದ್ದಕ್ಕೇ ನಿಲ್ಲಿಸಿದ,” ಎಂದು ಹೇಳಿ, ಇಂಜಿನ್ ತಣಿಯುವವರೆಗೂ ದೀಪ ಕೆಂಪಗೇ ಉರಿಯಿತು.