ಅರಮನೆ ಲಾರಿಯ ಮೂರು ಅಳು

“ಕೇಳ್ರಪ್ಪೋ ಕೇಳಿ! ಅರಮನೆಯ ಲಾರಿ ಹಿಂದುಗಡೆಯಿಂದ ಅಳುತ್ತಿದೆ. ಅದರ ಮೂರು ಅಳುವಿನ ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ ಹೊನ್ನಾಜಮ್ಮಣ್ಣಿ. ತಪ್ಪು ಹೇಳಿದವನು ಚಕ್ರಕ್ಕೆ ಅಡ್ಡಗಲ್ಲಾಗಿ ಕೂರತಕ್ಕದ್ದು. ನಾಲ್ಕು ಚಕ್ರಕ್ಕೆ ನಾಲ್ವರು ಕೂತೊಡನೆ ಹ್ಯಾಂಡ್‌ಬ್ರೇಕು ಬಿಡಲಾಗುವುದು!”

ಹೀಗೆಂದು ಎತ್ತಿನಘಟ್ಟದ ರಾಜ ಡಂಗುರ ಹೊಡೆಸಿದ. ರಾಜರ ಕಾಲದಲ್ಲಿ ಲಾರಿ ಎಲ್ಲಿತ್ತು ಎಂದು ಕೇಳುವವರು ಇಲ್ಲಿಗೇ ಎದ್ದು ಹೋಗಬಹುದು. ಇತ್ತು, ಹಸಿರು ಬಣ್ಣದ್ದು, ನಾನೇ ಕಣ್ಣಾರೆ ಕಂಡಿದ್ದೇನೆ. ನೀಲಿ ಇದ್ದರೂ ಇರಬಹುದು. ರಾಜ್ಯ ಇದ್ದದ್ದು ಘಟ್ಟದ ನೆತ್ತಿಯಲ್ಲಿ, ಉಪ್ಪು ಬರಬೇಕಾದದ್ದು ಘಟ್ಟದ ಕೆಳಗಿನಿಂದ. ಇದ್ದದ್ದು ಅದೊಂದೇ ಲಾರಿ, ಓಡಿಸಬಲ್ಲವಳು ರಾಜಕುಮಾರಿ ಒಬ್ಬಳೇ. ಲಾರಿ ಅಳತೊಡಗಿದ ಮೇಲೆ ಘಟ್ಟ ಇಳಿಯಲಾರೆ ಎಂದು ಅವಳು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟಳು. ಊರಿಗೆ ಊರೇ ತಿಂಗಳಿಂದ ಸಪ್ಪೆ ಉಣ್ಣುತ್ತಿತ್ತು.

ಮೊದಲು ಬಂದವನು ಆಸ್ಥಾನದ ಗವಾಯಿ. ಕಣ್ಣು ಮುಚ್ಚಿ ಕೇಳಿ, “ಶ್ರುತಿ ಕೆಟ್ಟಿದೆ ಪ್ರಭೂ, ತಂಬೂರಿ ಕಟ್ಟಿಸಿ” ಎಂದ. ಹೋಗಿ ಮುಂದಿನ ಚಕ್ರಕ್ಕೆ ಕೂತ. ಎರಡನೆಯವನು ಜೋಯಿಸ. “ಸ್ಟೆಪ್ನಿಯಲ್ಲಿ ಶನಿ ಕೂತಿದ್ದಾನೆ” ಎಂದ. ಅವನೂ ಕೂತ. ಮೂರನೆಯವನು ನೆರೆ ರಾಜ್ಯದ ರಾಜಕುಮಾರ. ಸದ್ದು ಬಲಗಡೆಯದೇ ಎಂದು ಆಣೆ ಇಟ್ಟು ಬಲಗಡೆಯ ಹಿಂದಿನ ಚಕ್ರ ಬಿಚ್ಚಿಸಿದ. ಅದು ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು. ಚಕ್ರ ಮತ್ತೆ ಹಾಕಿಸಿ, ಕಿರೀಟ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಕ್ಕುರುಗಾಲಲ್ಲಿ ಕೂತ. ತಪ್ಪು ಅವರದಲ್ಲ ಬಿಡಿ. ಲಾರಿಯ ಸದ್ದು ಚಾಸಿಯ ಉದ್ದಕ್ಕೂ ಓಡಾಡುತ್ತದೆ, ಎಲ್ಲೋ ಹುಟ್ಟಿ ಎಲ್ಲೋ ಕೇಳಿಸುತ್ತದೆ.

ಉಳಿದದ್ದು ಎಡಗಡೆಯ ಹಿಂದಿನ ಚಕ್ರ ಒಂದೇ. ಅಷ್ಟು ಹೊತ್ತಿಗೆ ಕೀಲೆಣ್ಣೆ ಭರಮ ಬಂದ. ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆ ಮಾರುವ ಹುಡುಗ, ಇಪ್ಪತ್ತೆರಡರ ಪ್ರಾಯ, ಹುಟ್ಟು ಕಿವುಡ. ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ. ಡಂಗುರ ಅವನಿಗೆ ಕೇಳಿಸಿರಲೇ ಇಲ್ಲ. ಜನ ಸೇರಿದ್ದು ಕಂಡು ಅನ್ನಸಂತರ್ಪಣೆ ಇರಬೇಕೆಂದು ಸಾಲಿನಲ್ಲಿ ನಿಂತಿದ್ದ. ಸಾಲಿನಲ್ಲಿ ತಾನೊಬ್ಬನೇ ಇರುವುದು ಏಕೆ ಎಂದು ಹೊಳೆಯುವಷ್ಟರಲ್ಲಿ ಮಂತ್ರಿ ರಟ್ಟೆ ಹಿಡಿದಿದ್ದ.

ರಾಜ ಒಗಟು ಹೇಳಿದ. ಭರಮ ಬಾಯಿ ಬಿಟ್ಟುಕೊಂಡು ನೋಡಿದ.

“ಬುದ್ಧೀ, ತಮ್ಮ ಮೀಸೆ ಕಾಣ್ತದೆ, ಮಾತು ಕಾಣಕಿಲ್ಲ.”

“ಏನಂದ?” ಎಂದು ರಾಜ ಮಂತ್ರಿಯನ್ನು ಕೇಳಿದ. ಮಂತ್ರಿಗೂ ತಿಳಿಯಲಿಲ್ಲ.

ರಾಜಕುಮಾರಿ ಹೊನ್ನಾಜಿ ತನ್ನ ತುಟಿ ಕಾಣುವಂತೆ ಮುಂದೆ ಬಂದು ನಿಂತಳು. “ಏನಯ್ಯಾ, ಇಲ್ಲಿ ನೋಡು, ನಾನು ಹೇಳ್ತೀನಿ. ತಪ್ಪಿದರೆ ಆ ಚಕ್ರಕ್ಕೆ ನೀನೇ, ನಾಲ್ವರ ಮೇಲೂ ಲಾರಿ. ತಿಳೀತಾ? ಒಂದನೆಯದು. ನಾನು ಕಾಲು ಒತ್ತಿ ವೇಗ ಕೊಟ್ಟರೆ ನಡುವಿನಿಂದ ಊಳಿಡುತ್ತದೆ, ಕಾಲು ತೆಗೆದರೆ ಸುಮ್ಮನಾಗುತ್ತದೆ. ಅದಕ್ಕೇನು ಹಸಿವು? ಎರಡನೆಯದು. ಬಲಕ್ಕೆ ತಿರುಗಿದರೆ ಗುರುಗುಟ್ಟುತ್ತದೆ, ಎಡಕ್ಕೆ ತಿರುಗಿದರೆ ಬಾಯಿ ಮುಚ್ಚುತ್ತದೆ. ಯಾವ ಕಾಲು ನೋಯುತ್ತಿದೆ? ಮೂರನೆಯದು. ಮೊದಲೆಲ್ಲ ಬ್ರೇಕು ಹಾಕಿದರೆ ಹಿಂದಿನ ಎರಡು ಚಕ್ರವೂ ಕಿರುಚುತ್ತಿದ್ದವು. ಈಗ ಒಂದು ಕಿರುಚುತ್ತಿಲ್ಲ. ಅದಕ್ಕೆ ಗುಣವಾಯಿತೋ, ಇನ್ನೇನಾದರೂ ಆಯಿತೋ?”

“ಲಾರಿ ಒಂದು ಸುತ್ತು ಓಡಿಸಿ ತನ್ನಿ, ಅಮ್ಮಣ್ಣಿ. ಬ್ರೇಕು ಹಾಕ್ತಾ ಹಾಕ್ತಾ ಬನ್ನಿ.”

“ಕಿವುಡನಿಗೆ ಕೇಳಿಸಲು ಲಾರಿ ಓಡಿಸಬೇಕಂತೆ!” ಎಂದು ಜೋಯಿಸ ನಗಲು ಹೋದ, ತಾನೆಲ್ಲಿ ಕೂತಿದ್ದೇನೆ ಎಂಬುದು ನೆನಪಾಗಿ ನಿಲ್ಲಿಸಿದ. ಮೂವರು ಅಡ್ಡಗಲ್ಲುಗಳೂ ಎದ್ದು ದಾರಿ ಬಿಟ್ಟವು, ಲಾರಿ ಬಂದು ನಿಂತೊಡನೆ ಮತ್ತೆ ಹೋಗಿ ಕೂತವು. ರಾಜಾಜ್ಞೆ.

ಭರಮ ಲಾರಿಯ ಸುತ್ತ ಬಂದು ಒಂದೊಂದು ಚಕ್ರಕ್ಕೂ ಅಂಗೈ ಇಟ್ಟ, ಮಗುವಿನ ಜ್ವರ ನೋಡುವವನಂತೆ. ಕೆಳಗೆ ತೂರಿ ಅಚ್ಚಿನ ನಡುವಿನ ಗುಂಡು ಹೊಟ್ಟೆ ಮುಟ್ಟಿ ಕೈ ಕಿತ್ತುಕೊಂಡ. ಎಡಗಡೆಯ ಹಿಂದಿನ ಚಕ್ರದ ಒಳಗೆ ಬೆರಳಾಡಿಸಿ ಮೂಸಿದ. ಎದ್ದು ಬಂದು ಕೈ ಒರೆಸಿಕೊಂಡ.

“ಮೂರಕ್ಕೂ ಉತ್ತರ ಒಂದೇ ಬುದ್ಧೀ. ಎಡಗಡೆಯ ಹಿಂದಿನ ಚಕ್ರ.”

“ನನ್ನ ಎಡವೋ, ನಿನ್ನ ಎಡವೋ?” ಎಂದ ರಾಜ.

“ಲಾರಿಯ ಎಡ ಅಪ್ಪಾಜಿ,” ಎಂದಳು ಹೊನ್ನಾಜಿ. “ನೀನು ಹೇಳಯ್ಯಾ.”

“ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಕ್ಕೆ ವಾಲ್ತದೆ, ನೋವು ಭಾರ ಬಿದ್ದ ಕಾಲಿಗೆ. ಆ ಚಕ್ರದ ನಡು ಸುಡ್ತಾ ಐತೆ, ಒಳಗಿನ ಬೇರಿಂಗು ಸವೆದದೆ. ಬೇರಿಂಗು ಅಲ್ಲಾಡಿ ಎಣ್ಣೆ ತಡೆಯೋ ಸೀಲು ಹರಿದದೆ. ಅಚ್ಚಿನ ಹೊಟ್ಟೆಯ ಎಣ್ಣೆ ಅಲ್ಲಿಂದ ಹೊರಗೆ ಹೋಯ್ತು. ಒಳಗಿನ ಗೇರು ಒಣಗಿ ಹಲ್ಲು ಹಲ್ಲಿಗೆ ಉಜ್ಜಿ ಊಳಿಡ್ತದೆ, ಅದು ಎಣ್ಣೆಯ ಹಸಿವು. ಆ ಎಣ್ಣೆಯೆಲ್ಲ ಬ್ರೇಕಿನ ಲೈನರಿಗೆ ಬಳಕೊಂಡದೆ. ಈಗ ಬ್ರೇಕು ಹಿಡಿಯಲ್ಲ, ಜಾರ್ತದೆ. ಬಲಗಡೆ ಬ್ರೇಕಿನ ಡ್ರಮ್ಮು ಬಿಸಿ, ಎಡಗಡೆದು ನಡು ಬಿಟ್ಟರೆ ತಣ್ಣಗೆ. ಸುಮ್ಮನಾದದ್ದು ಗುಣವಾಗಿ ಅಲ್ಲ ಅಮ್ಮಣ್ಣಿ, ಕೆಲಸ ಬಿಟ್ಟು. ಘಟ್ಟ ಇಳಿಸಿದ್ದರೆ ಮೊದಲ ತಿರುವಿಗೇ...” ಎಂದು ಕೈ ಮಗುಚಿ ತೋರಿಸಿದ.

ರಾಜ ಮಂತ್ರಿಯನ್ನು ನೋಡಿದ. ಮಂತ್ರಿ ಲಾರಿಯನ್ನು ನೋಡಿದ. ಯಾರಿಗೂ ಏನೂ ಅರ್ಥವಾಗದಿದ್ದರೂ ಎಲ್ಲರೂ ತಲೆದೂಗಿದರು. ಹೊನ್ನಾಜಿ ಮಾತ್ರ ಜಾಕು ಕೊಟ್ಟು ತಾನೇ ಚಕ್ರ ಬಿಚ್ಚಿದಳು. ಡ್ರಮ್ಮು ಎಳೆದದ್ದೇ ತಡ, ಕಪ್ಪೆಣ್ಣೆ ಬಳಬಳನೆ ಸುರಿದು ಮಂತ್ರಿಯ ಜರತಾರಿ ಪಂಚೆ ಹಾಳಾಯಿತು. ಅಡ್ಡಗಲ್ಲುಗಳು ಅಪ್ಪಣೆಗೂ ಕಾಯದೆ ಓಡಿದವು.

ಬೇರಿಂಗು, ಸೀಲು, ಲೈನರು ಹೊಸದಾದವು, ಅಚ್ಚಿನ ಹೊಟ್ಟೆಗೆ ಎಣ್ಣೆ ಬಿತ್ತು. ರಾಜ ಅರ್ಧ ರಾಜ್ಯದ ಪತ್ರಕ್ಕೆ ಮುದ್ರೆ ಒತ್ತಿ, “ಇನ್ನು ಮಗಳು” ಎಂದ.

“ಡಂಗುರ ಹೊಡೆಸುವಾಗ ನನ್ನನ್ನು ಕೇಳಿದಿರಾ ಅಪ್ಪಾಜಿ? ಮೊದಲು ಇವನು ನನ್ನ ಪಕ್ಕ ಕೂತು ಘಟ್ಟ ಇಳಿಯಲಿ. ಆಮೇಲೆ ನಾನೇ ಹೇಳ್ತೀನಿ.”

ಇಳಿದರು. ಹತ್ತೊಂಬತ್ತು ತಿರುವು, ಅಥವಾ ಇಪ್ಪತ್ತಮೂರು. ಬುಡ ಮುಟ್ಟಿದೊಡನೆ ಭರಮ ಹಾರಿ ಇಳಿದು ಒಂದೊಂದು ಚಕ್ರವನ್ನೂ ಮುಟ್ಟಿ ಬಂದ.

“ಎಡ ಬಲ ಎರಡೂ ಒಂದೇ ಸಮ ಬಿಸಿ ಅಮ್ಮಣ್ಣಿ!”

ಅವಳು ಕಿಟಕಿಯಿಂದ ಕೈ ಚಾಚಿದಳು. “ಇದನ್ನೂ ನೋಡು.”

ಹಿಡಿದು ನೋಡಿದ. ಹಿಮದಂತೆ ತಣ್ಣಗಿತ್ತು. ಭರಮ ಅದನ್ನು ಮಗುಚಿ ಇನ್ನೊಮ್ಮೆ ನೋಡಿದ. “ಅಲ್ಲಾ, ಇಷ್ಟೂ ತಿರುವಿನ ಕೆಲಸ ಮಾಡಿದ್ದು ಈ ಕೈ. ಇದು ಬಿಸಿ ಇರಬೇಕಿತ್ತಲ್ಲ?”

“ಉತ್ತರ ಹೊಳೆಯುವವರೆಗೆ ಬಿಡಬೇಡ” ಎಂದಳು ಹೊನ್ನಾಜಿ.

ಉಪ್ಪು ಹೇರಿಕೊಂಡು ಮೇಲೆ ಬಂದದ್ದೂ ಹಾಗೆಯೇ, ಅವಳು ಒಂದೇ ಕೈಯಲ್ಲಿ ಸ್ಟೇರಿಂಗು ತಿರುಗಿಸುತ್ತ.