ಭರಮಕ್ಕನ ಜೇನು ಮುಗಿಯುವವರೆಗೆ

ಗುಡ್ಡದ ಬುಡದ ಒಂದು ಕಾಡಿನಲ್ಲಿ ಎಲ್ಲರಿಗೂ ಸೇರಿ ಒಂದೇ ಡೀಸೆಲ್ ಕಾರಿತ್ತು. ಕಾಯಿಲೆಯವರನ್ನು ಗುಡ್ಡದ ಮೇಲಿನ ಕೊಕ್ಕರೆ ಡಾಕ್ಟರಮ್ಮನ ಹತ್ತಿರ ಒಯ್ಯಲು ಅದೇ ಗತಿ. ಓಡಿಸುವವಳು ಕರಡಿ ಭರಮಕ್ಕ. ಅಬ್ಬಾ, ನಾಲ್ಕು ಕಾಡುಹಂದಿಗಳನ್ನು ತುಂಬಿಕೊಂಡೂ ಸರಸರ ಗುಡ್ಡ ಏರಿಸುತ್ತಿದ್ದಳು!

ನರಿ ಕೆಂಚನಿಗೆ ಆ ಸ್ಟಿಯರಿಂಗ್ ಮೇಲೆ ಕಣ್ಣು. ಗುಡ್ಡ ಏರಿ ನಿಂತ ಮೇಲೂ ಭರಮಕ್ಕ ಎಂಜಿನ್ ಆರಿಸುತ್ತಿರಲಿಲ್ಲ. ಒಂದು ಚೂರು ಜೇನುತಟ್ಟಿ ಚೀಪಿ ಮುಗಿಸಿದ ಮೇಲೆಯೇ ಆರಿಸುವುದು.

"ಏನಕ್ಕಾ, ಸುಮ್ಮನೆ ಡೀಸೆಲ್ ಸುಡ್ತೀಯಲ್ಲ?" ಎಂದ ಕೆಂಚ.

"ಸುಮ್ಮನೆ ಅಲ್ಲ ಕಣೋ. ಒಳಗೆ ಟರ್ಬೊ ಇದೆ. ಎಂಜಿನ್ ಬಿಡೋ ಬಿಸಿ ಹೊಗೆ ಒಂದು ಸರಳಿನ ತುದಿಯ ಪುಟ್ಟ ಚಕ್ರ ತಿರುಗಿಸುತ್ತೆ. ಅದೇ ಸರಳಿನ ಆ ತುದಿಯ ಚಕ್ರ ಹೊರಗಿನ ಗಾಳೀನ ಎಂಜಿನ್ನಿಗೆ ಒತ್ತಿ ತುಂಬುತ್ತೆ. ಗಾಳಿ ಹೆಚ್ಚಿದರೆ ಬಲ ಹೆಚ್ಚು. ಬಿಸಾಡೋ ಹೊಗೆಯಿಂದ ಎಂಥಾ ಬಲ, ನೋಡು!" ಭರಮಕ್ಕ ಬಾನೆಟ್ ಸವರಿದಳು. "ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತೆ, ಪಾಪ. ಅದನ್ನ ಕಾಯೋದು ಆಯಿಲ್. ಕಾದಾಗ ಥಟ್ಟನೆ ಆರಿಸಿದರೆ ಆಯಿಲ್ ಹರಿಯದೆ ಅಲ್ಲೇ ಸುಟ್ಟು ಕರಕಲಾಗುತ್ತೆ. ಈ ಜೇನು ಮುಗಿಯೋ ಹೊತ್ತಿಗೆ ಅದು ತಣಿದಿರುತ್ತೆ."

ಕೆಂಚ ಕೇಳಿಸಿಕೊಂಡರೆ ತಾನೆ? ನೇರ ಕಾಡಿನ ಹಿರಿಯ ಆನೆಗೌಡರ ಬಳಿ ಹೋಗಿ ಚಾಡಿ ಹೇಳಿದ. "ಗೌಡ್ರೇ, ಅವಳು ಜೇನು ಚೀಪೋಕೆ ನಮ್ಮ ಡೀಸೆಲ್ ಸುಡ್ತಾಳೆ!" ಗೌಡರು ನಂಬಿ ಕೀಲಿಯನ್ನು ಅವನಿಗೆ ಕೊಟ್ಟರು.

ಶುರುವಾಯಿತು ಕೆಂಚನ ದರ್ಬಾರು. ಕಾರು ನಿಂತ ಕ್ಷಣವೇ ಎಂಜಿನ್ ಆಫ್. ಗಾಳಿ ಫಿಲ್ಟರಿನ ಧೂಳು ತೆಗೆಯಲಿಲ್ಲ. ಹೊಸ ಆಯಿಲ್ ಡಬ್ಬವನ್ನು ಬಿಲದಲ್ಲಿ ಬಚ್ಚಿಟ್ಟು, ಕಪ್ಪಿಟ್ಟ ಹಳೆಯದರಲ್ಲೇ ಓಡಿಸಿದ. ಕೆಲವು ತಿಂಗಳಲ್ಲಿ ಟರ್ಬೊ ಕೀಂ ಎಂದು ಶಿಳ್ಳೆ ಹೊಡೆಯತೊಡಗಿತು. "ನನ್ನ ಕಾರು ಹಾಡ್ತದೆ!" ಎಂದು ಬೀಗಿದ.

ಒಂದು ಮಧ್ಯಾಹ್ನ ಅವನದೇ ಮರಿಗೆ ಹಾವು ಕಚ್ಚಿತು. ಕೆಂಚ ಮರಿಯನ್ನು ಮಲಗಿಸಿ ಕಾರು ಹೊರಡಿಸಿದ. ಅರ್ಧ ಗುಡ್ಡದಲ್ಲಿ ನೀಲಿ ಹೊಗೆ ಎದ್ದಿತು, ಬಲ ಸತ್ತಿತು, ಕಾರು ನಿಂತೇಹೋಯಿತು. "ಅಯ್ಯೋ, ಯಾರಾದ್ರೂ ಬನ್ರೋ!" ಎಂದು ಅತ್ತ.

ಪೊದೆ ಸರಿಸಿ ಬಂದವಳು ಭರಮಕ್ಕ. ಮರಿಯನ್ನು ಬೆನ್ನ ಮೇಲೆ ಹಾಕಿಕೊಂಡು ಗುಡ್ಡ ಓಡಿ ಹತ್ತಿದಳು. ಮರಿ ಬದುಕಿತು.

ನಾಚಿಕೆಯಿಂದ ಕೆಂಚ ಆಯಿಲ್ ಡಬ್ಬ ತಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡ. ಹೊಸ ಟರ್ಬೊ ಬಂತು, ಕೀಲಿ ಭರಮಕ್ಕನ ಕೈಗೇ ಹೋಯಿತು. ಕಾರು ತೊಳೆಯುವ ಕೆಲಸ ಕೆಂಚನದಾಯಿತು.

ಮೊದಲ ದಿನ ಕಾರು ಗುಡ್ಡ ಏರಿ ನಿಂತಾಗ, ಅಲ್ಲಿ ಕಾದಿದ್ದ ಗೌಡರು, "ಇನ್ನೂ ಆರಿಸಲಿಲ್ವಾ?" ಎಂದು ಅವಸರಿಸಿದರು.

"ಸ್ವಲ್ಪ ಇರಿ ಗೌಡ್ರೇ," ಎಂದ ಕೆಂಚ, "ಅಕ್ಕನ ಜೇನು ಮುಗೀಲಿ."

ನೀತಿ: ತನಗಾಗಿ ದುಡಿಯುವುದರ ದಣಿವು ಆರುವಷ್ಟು ಹೊತ್ತು ಕಾಯದವನು, ತನಗೆ ಬೇಕಾದ ಹೊತ್ತಿನಲ್ಲೇ ಅದರ ಬಲ ಕಳೆದುಕೊಳ್ಳುತ್ತಾನೆ.